ಹೊಸ ಎಂಟರಲ್ಲಿ ಎರಡು

ಏಳನೆಯ ಬ್ಯಾಟರಿ ಮತ್ತೆ ನೀರು ಕುಡಿಯಿತು. ನೂರಿಸ್ ಕುಕ್ಕರಗಾಲಲ್ಲಿ ಕೂತು, ಆಲಿಕೆ ಹಿಡಿದುಕೊಂಡೇ ಜಗ್ಗಿನೊಳಗೆ ಇಣುಕಿದಳು. ಮೊದಲ ಆರಕ್ಕೂ ಸೇರಿ ಒಂದು ಲೋಟ ಹಿಡಿಸಿರಲಿಲ್ಲ, ಇದೊಂದೇ ಎರಡು ಲೋಟ ನುಂಗಿ ಕೂತಿತ್ತು. ಎಂಟನೆಯದರ ಮುಚ್ಚಳ ತಿರುಗಿಸಿದರೆ ಅದರದ್ದೂ ಅದೇ ಕಥೆ. ಎಂಟೂ ಒಂದೇ ದಿನ, ಹೇಸರಗತ್ತೆಗಳ ಬೆನ್ನೇರಿ ಪಟ್ಟಣದಿಂದ ಬೆಟ್ಟ ಹತ್ತಿ ಬಂದವು; ಬಂದು ಇನ್ನೂ ವರ್ಷ ತುಂಬಿರಲಿಲ್ಲ.

ಲೋಮಾ ಫ್ರಿಯಾಕ್ಕೆ ಕರೆಂಟಿನ ಕಂಬ ಬರುತ್ತದೆಂದು ಪ್ರತಿ ಚುನಾವಣೆಯಲ್ಲೂ ಕೇಳಿ ಕೇಳಿ ಊರಿಗೆ ಸಾಕಾಗಿತ್ತು. ಅಲ್ಲಿ ತಣ್ಣಗಿನ ಬಿಯರ್, ಐಸ್, ಹೆಪ್ಪುಗಟ್ಟಿದ ಕೋಳಿ ಬೇಕೆಂದರೆ ನೂರಿಸಳ ಅಂಗಡಿಯೊಂದೇ ಗತಿ. ಮಾಡಿನ ಮೇಲೆ ಸೋಲಾರ್ ಹಲಗೆಗಳು, ಅಂಗಡಿಯ ಹಿಂದಿನ ಕೋಣೆಯಲ್ಲಿ ಎರಡು ಸಾಲು ಬ್ಯಾಟರಿ. ದೀಪಕ್ಕೂ ರೇಡಿಯೋಗೂ ಹಳೆಯ ನಾಲ್ಕು. ಫ್ರೀಜರಿಗೆ ಮಾತ್ರ ಹೊಸ ಎಂಟು. ಗಂಡನಿಲ್ಲದ ಹೆಂಗಸು ಚೀಟಿ ಕಟ್ಟಿ ತಂದ ಆ ಎಂಟರ ಮೇಲೆಯೇ ಅವಳ ಮನೆ ನಿಂತಿತ್ತು.

ಎರಡು ಸಾಲುಗಳನ್ನು ಬೇರೆಬೇರೆಯಾಗಿ ಜೋಡಿಸಿಕೊಟ್ಟವನು ಡೊನ್ ಎರ್ಮಿನಿಯೊ. ಮಗುವಾಗಿದ್ದಾಗ ಇಗರ್ಜಿಯಲ್ಲಿ ಜ್ಞಾನಸ್ನಾನದ ದಿನ ಅವಳನ್ನು ಎತ್ತಿಕೊಂಡು ನಿಂತಿದ್ದ ಅವಳ ಪದ್ರಿನೊ, ಅಂದರೆ ದೇವರ ಎದುರು ಒಪ್ಪಿಕೊಂಡ ಎರಡನೆಯ ಅಪ್ಪ. ಅಪ್ಪ ತೀರಿಕೊಂಡ ಮೇಲೆ ಮೊದಲನೆಯವನೂ ಅವನೇ ಆಗಿದ್ದ. ಬೆಟ್ಟದಲ್ಲಿ ಬ್ಯಾಟರಿಯ ಒಳಗುಟ್ಟು ಬಲ್ಲವನು ಅವನೊಬ್ಬ.

"ಹಳೇದನ್ನೂ ಹೊಸದನ್ನೂ ಒಂದೇ ಸಾಲಿಗೆ ಕಟ್ಬೇಡ ಮಗಳೇ," ಎಂದು ಮೊದಲ ದಿನವೇ ಹೇಳಿಕೊಟ್ಟಿದ್ದ. "ಹಳೇದು ಎರಡು ತುತ್ತಿಗೇ ಹೊಟ್ಟೆ ತುಂಬ್ತು ಅಂತ ಕುದಿಯೋಕೆ ಶುರು ಮಾಡುತ್ತೆ, ಎಷ್ಟು ನೀರು ಹಾಕಿದ್ರೂ ಕುಡೀತಾನೇ ಇರುತ್ತೆ. ಚಾರ್ಜ್ ಮಾಡೋ ಪೆಟ್ಟಿಗೆ ಎಲ್ಲರದ್ದೂ ಊಟ ಆಯ್ತು ಅಂತ ತಟ್ಟೆ ಎತ್ತಿಬಿಡುತ್ತೆ. ಹೊಸವು ದಿನಾ ಅರೆಹೊಟ್ಟೆ. ಹಿಂಗೇ ಬಿಟ್ರೆ ಆರು ತಿಂಗಳಲ್ಲಿ ಅವೂ ಮುದುಕರೇ."

ಅರೆಹೊಟ್ಟೆಯ ಲಕ್ಷಣ ಎರಡು ತಿಂಗಳಿಂದ ಕಾಣುತ್ತಲೇ ಇತ್ತು. ಬೆಳಗಿನ ಹೊತ್ತಿಗೆ ಫ್ರೀಜರ್ ಮೂಕವಾಗಿರುತ್ತಿತ್ತು. ಹೋದ ವಾರವಂತೂ ಒಂದು ಪೆಟ್ಟಿಗೆ ಕೋಳಿ ನಾರಿ, ಅದನ್ನು ಬಾಳೆಯ ಬುಡದಲ್ಲಿ ಹೂತಿದ್ದಳು. ಆಗ ಪದ್ರಿನೊ ಬಂದು ನೋಡಿ, ತಲೆಯಾಡಿಸಿ ಬೈದಿದ್ದ: "ನೀನು ಆ ಬಾಗಿಲು ಎಷ್ಟು ಸಲ ತೆಗೀತೀಯಾ? ಗಿರಾಕಿ ಕೆಮ್ಮಿದ್ರೂ ತೆಗೀತೀಯ!" ಅವಳು ನಾಚಿಕೊಂಡು, ಫ್ರೀಜರಿಗೆ ಹಗ್ಗ ಕಟ್ಟಿ, ಗಿರಾಕಿಗಳ ಮೇಲೆ ರೇಗಾಡಿದ್ದಳು. ತಪ್ಪು ತನ್ನದೇ ಎಂದು ನಂಬಿದ್ದಳು.

ಈಗ, ಬ್ಯಾಟರಿಗಳೇ ಅದಲುಬದಲಾಗಿರಬಹುದೇ ಎಂಬ ಅನುಮಾನದಿಂದ ನೋಡಿದರೆ, ಮುಚ್ಚಳಗಳೇನೋ ಅವಳವೇ. ಬಂದ ದಿನವೇ ಒಂದೊಂದಕ್ಕೂ ಉಗುರಿನ ಕೆಂಪು ಬಣ್ಣದ ಚುಕ್ಕೆ ಇಟ್ಟಿದ್ದಳು. ಆದರೆ ಮುಚ್ಚಳ ಒಂದರಿಂದ ಬಿಚ್ಚಿ ಇನ್ನೊಂದಕ್ಕೆ ಹಾಕುವಂಥದ್ದು. ನೂರಿಸ್ ತಂತಿಯ ಹಿಡಿಕೆ ಸಡಿಲಿಸಿ ಸೀಸದ ಗೂಟವನ್ನು ಅಂಗಿಯ ತುದಿಯಿಂದಲೇ ಒರೆಸಿದಳು. ಹುಟ್ಟಿದ ತಿಂಗಳು, ವರ್ಷ ಅಲ್ಲಿ ಅಚ್ಚೊತ್ತಿರುತ್ತದೆ. ಅದೇ ಬ್ಯಾಟರಿಯ ಜಾತಕ ಎಂದು ತೋರಿಸಿಕೊಟ್ಟವನೂ ಪದ್ರಿನೊನೇ. ಮೊದಲ ಆರರ ಮೇಲೂ ಅಚ್ಚು ಸ್ಪಷ್ಟವಾಗಿತ್ತು. ಏಳು, ಎಂಟರ ಗೂಟಗಳನ್ನು ಅರದಿಂದ ಉಜ್ಜಿ ನುಣ್ಣಗೆ ಮಾಡಿದ್ದರು.

ಏಪ್ರಿಲಿನಲ್ಲಿ, "ಇವೆರಡಕ್ಕೆ ಜೋರು ಚಾರ್ಜ್ ಕೊಟ್ಟು ತರ್ತೀನಿ," ಎಂದು ಪದ್ರಿನೊ ಎರಡನ್ನು ಹೇರಿಕೊಂಡು ಹೋಗಿದ್ದು, ಮೂರು ದಿನ ಬಿಟ್ಟು ತಂದು ತಾನೇ ಜೋಡಿಸಿದ್ದು ನೆನಪಾಯಿತು. ಅವತ್ತು ಅವಳು ಅವನಿಗೆ ಕೋಳಿಸಾರು ಬಡಿಸಿದ್ದಳು. ಎರಡನೆಯ ಸಲವೂ ಹಾಕಿಸಿಕೊಂಡು ಉಂಡಿದ್ದ.

ಭಾನುವಾರ ಮಧ್ಯಾಹ್ನವೇ ಅಂಗಡಿಗೆ ಬೀಗ ಹಾಕಿ ಹೊರಟಳು.

ಪದ್ರಿನೊನ ಜಗಲಿಯಲ್ಲಿ ಜಾತ್ರೆ. ದೊಡ್ಡ ಟಿವಿಯಲ್ಲಿ ಬೇಸ್‌ಬಾಲ್. ಭಾನುವಾರಗಳಲ್ಲಿ ಅವಳ ಅಂಗಡಿಯ ಮುಂದೆ ಡೊಮಿನೊ ಬಿಲ್ಲೆ ಬಡಿಯುತ್ತಿದ್ದ ಏಳೆಂಟು ಗಂಡಸರು ಇಲ್ಲಿ ಕುತ್ತಿಗೆ ಚಾಚಿ ಕೂತಿದ್ದರು. ಪದ್ರಿನೊ ಟಿವಿಯ ಪಕ್ಕದಲ್ಲೇ, ಒಂದು ಮರದ ಪೆಟ್ಟಿಗೆಯ ಮೇಲೆ ಕೂತಿದ್ದ. ಪೆಟ್ಟಿಗೆಯ ಸಂದಿಯಿಂದ ಎರಡು ದಪ್ಪ ತಂತಿ ಹೊರಬಂದಿದ್ದವು.

"ಬಾರಮ್ಮ ಐಸಿನ ರಾಣಿ!" ಎಂದ ತಾತಿಕೊ, ಅವಳ ಕಾಯಂ ಗಿರಾಕಿ. "ನಿನ್ ಬಿಯರು ಬಿಸಿ, ಅದಕ್ಕೇ ಇಲ್ಲಿಗೆ ವಲಸೆ ಬಂದ್ವಿ."

ಎಲ್ಲರೂ ನಕ್ಕರು. ಪದ್ರಿನೊ ನಗಲಿಲ್ಲ. ಅವಳು ಬಂದರೆ ಎದ್ದು ತನ್ನ ಜಾಗ ಬಿಟ್ಟುಕೊಡುವ ಮನುಷ್ಯ ಕೂತಲ್ಲಿಂದ ಅಲುಗಲಿಲ್ಲ.

ಒಳಗಿನಿಂದ ಅವನ ಹೆಂಡತಿ, ನೂರಿಸಳ ಮದ್ರಿನಾ ಅಂದರೆ ಎರಡನೆಯ ಅಮ್ಮ, ಕ್ರುಸಿತಾ ಕೈ ಒರೆಸಿಕೊಂಡು ಓಡಿಬಂದು ನೂರಿಸಳ ಎರಡೂ ಕೆನ್ನೆ ಹಿಡಿದಳು. "ನಿನ್ನ ಕೈಗೆ ಮುತ್ತಿಡ್ಬೇಕು ಮಗಳೇ. ಎಪ್ಪತ್ತು ತುಂಬ್ತು ಅಂತ ನಿನ್ನ ಹೊಸ ಬ್ಯಾಟರಿನೇ ಇವರಿಗೆ ಕೊಟ್ಬಿಟ್ಟೆಯಲ್ಲ! ಹೊಟ್ಟೇಲಿ ಹುಟ್ಟಿದವರೂ ಇಷ್ಟು ಮಾಡಲ್ಲ ಅಂತ ಊರಿಗೆಲ್ಲ ಹೇಳಿದೀನಿ."

ನೂರಿಸಳಿಗೆ ಮೈಯೆಲ್ಲ ಉರಿಯಿತು. ಕದ್ದಿದ್ದರೆ ಕದ್ದುಕೊಳ್ಳಲಿ, ಕದ್ದದ್ದಕ್ಕೆ ಅವಳ ಹೆಸರನ್ನೇ ಉಡುಗೊರೆಯ ರಿಬ್ಬನ್ನಿನಂತೆ ಸುತ್ತಿಟ್ಟಿದ್ದ ಪದ್ರಿನೊ. ಈ ಹೆಂಗಸಿನ ಸಂತೋಷ ಕೆಡಿಸದೆ ಬಾಯಿ ಬಿಡುವಂತೆಯೂ ಇರಲಿಲ್ಲ.

"ನಾನು ಕೊಡ್ಲಿಲ್ಲ, ಮದ್ರಿನಾ," ಎಂದಳು.

ಕ್ರುಸಿತಾಳ ಕೈ ಕೆನ್ನೆಯಿಂದ ಜಾರಿತು. ತಾತಿಕೊ ತನ್ನ ಟೋಪಿಯೊಳಗೆ ಏನನ್ನೋ ಹುಡುಕತೊಡಗಿದ.

"ಪದ್ರಿನೊ, ಸ್ವಲ್ಪ ಏಳಿ."

ಅವನು ಏಳಲಿಲ್ಲ. ನೆಲಕ್ಕೆ ಹೇಳುವವನ ಹಾಗೆ, "ಕಾಫಿ ಕುಯಿಲಾದ ಮೇಲೆ ವಾಪಸ್ ಇಡೋಣ ಅಂತಿದ್ದೆ," ಎಂದ. "ಎರಡೇ ಅಲ್ವಾ ಮಗಳೇ."

"ಎರಡೇನಾ?" ಅವಳ ದನಿ ಒಡೆಯಿತು. "ನಿಮ್ಮ ಸತ್ತ ಬ್ಯಾಟರಿ ತಂದು ನನ್ನ ಸಾಲಿಗೆ ಕಟ್ಟಿದ್ರಲ್ಲ, ಉಳಿದ ಆರರ ಗತಿ ಏನಾಯ್ತು ಹೇಳಿ. ಬೇರೆ ಯಾರಾದ್ರೂ ಆಗಿದ್ರೆ ಗೊತ್ತಿಲ್ದೆ ಮಾಡಿದ್ರು ಅನ್ಕೋತಿದ್ದೆ. ನಿಮಗೆ ಗೊತ್ತಿತ್ತು. ಕೋಳಿ ನಾರಿದ ದಿನ ಗೊತ್ತಿದ್ದೂ ನನ್ನನ್ನೇ ಬೈದ್ರಿ."

"ಕೇಳಿದ್ರೆ ನೀನು ಕೊಡ್ತಿದ್ದೆ," ಎಂದ ಮುದುಕ. ಅದು ಆಪಾದನೆಯೋ ಬೇಡಿಕೆಯೋ ಅವನಿಗೂ ತಿಳಿದಿರಲಿಕ್ಕಿಲ್ಲ.

"ಹೂಂ, ಕೊಡ್ತಿದ್ದೆ. ದೀಪದ ನಾಲ್ಕನ್ನೂ ಬಿಚ್ಚಿಕೊಟ್ಟು ಮೇಣದ ಬತ್ತಿ ಹಚ್ಕೊಂಡು ಇರ್ತಿದ್ದೆ." ಅವಳು ಕಣ್ಣೊರೆಸಿಕೊಂಡಳು. "ನಾಳೆ ಹೇಸರಗತ್ತೆ ಕಳಿಸ್ತೀನಿ. ಎರಡನ್ನೂ ಹೇರಿ. ಜೋಡಿಸೋಕೆ ಮಾತ್ರ ನೀವು ಬರ್ಬೇಡಿ."

ಕ್ರುಸಿತಾ ಗಂಡನನ್ನೇ ನೋಡುತ್ತಿದ್ದಳು. ನಲವತ್ತೆಂಟು ವರ್ಷ ಜೊತೆಗೆ ಬಾಳಿದವನನ್ನು ಈಗಷ್ಟೇ ಪರಿಚಯ ಮಾಡಿಕೊಟ್ಟಂತಿತ್ತು ಆ ನೋಟ. ಟಿವಿಯಲ್ಲಿ ಯಾರೋ ಚೆಂಡನ್ನು ಮೈದಾನದಾಚೆ ಹೊಡೆದರು. ಜನ ಹುಚ್ಚೆದ್ದು ಕೂಗಿದರು. ಜಗಲಿಯಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ.

ಪದ್ರಿನೊನ ಮನೆಯಿಂದ ಹೊರಡುವವರು ಎಷ್ಟೇ ದೊಡ್ಡವರಾಗಿರಲಿ, ಆಶೀರ್ವಾದ ಬೇಡಿಯೇ ಮೆಟ್ಟಿಲು ಇಳಿಯುವುದು ಆ ಬೆಟ್ಟದ ರೂಢಿ. ಬೇಡದೆ ಅವನೂ ಕೊಡುವಂತಿಲ್ಲ. ನೂರಿಸ್ ತಿರುಗಿದ ಕೂಡಲೇ ಮುದುಕನ ಬಲಗೈ ತಾನಾಗಿ ಎದೆಯ ಮಟ್ಟಕ್ಕೆ ಎದ್ದಿತು.

ಅವಳು ಬೇಡದೆಯೇ ಮೆಟ್ಟಿಲಿಳಿದು ಅಂಗಳ ದಾಟಿದಳು. ಬೇಲಿಯ ಗೇಟಿಗೆ ಚಿಲಕ ಹಾಕಲು ಹೊರಳಿದಾಗ ಅವನು ಪೆಟ್ಟಿಗೆಯ ಮೇಲೆ ಹಾಗೆಯೇ ಕೂತಿದ್ದ. ಕೈ ಇನ್ನೂ ಮೇಲಿತ್ತು. ಚಿಲಕ ಬಿಗಿಯಾಗಿತ್ತು, ಎರಡು ಸಲ ಒತ್ತಿ ಕೂರಿಸಬೇಕಾಯಿತು.