ಮೂರು ಜೀವ ಇರುವ ಆಟ

"ಕೈ ತೊಳಕೊಂಡು ಮುಟ್ಟ್ರಿ, ಹೊಲಸು ರಂಡೇರಾ. ಇದು ನಿಮ್ಮಪ್ಪನ ಖಣಿ ಅಲ್ಲ, ಸರ್ಕಾರದ ಮಷೀನ ಅದ."

ಚಂದ್ರಾಮಪ್ಪ ಸಾವ್ಕಾರ ಹೀಗೆ ಒದರುವಾಗ ನಾವು ಹನ್ನೆರಡು ಹೆಂಗಸರು ಶೆಡ್ಡಿನ ಹೊರಗೆ ನಳದ ಮುಂದೆ ನಿಂತು ಮೂರನೆಯ ಸಲ ಕೈ ತೊಳೆಯುತ್ತಿದ್ದೆವು. ಇಪ್ಪತ್ತೆರಡು ವರ್ಷ ಶಹಾಬಾದಿನ ಫರಸಿ ಕಲ್ಲು ಕೆತ್ತಿದ ಕೈ ನನ್ನದು. ಚರ್ಮದ ಒಳಗೆ ಕೂತ ಪುಡಿ ಒಂದು ತುಂಡು ಸೋಪಿಗೆ ಹೆದರಿ ಓಡಿಹೋಗುತ್ತದೆಯೇ? ಇದೇ ಕೈ ಕೆತ್ತಿದ ಕಲ್ಲನ್ನು ತನ್ನ ದೇವರ ಕೋಣೆಗೆ ಹಾಸಿಕೊಳ್ಳುವಾಗ ಸಾವ್ಕಾರನಿಗೆ ಹೊಲಸು ಕಂಡಿರಲಿಲ್ಲ.

ಈ ಶೆಡ್ಡಿನ ಕಥೆ ಹೇಳಬೇಕು. ಬೆಂಗಳೂರಿನಲ್ಲಿ ಕುಳಿತ ಯಾರೋ ಪುಣ್ಯಾತ್ಮರಿಗೆ ಎಂಬತ್ತಾರನೆಯ ಇಸವಿಯಲ್ಲಿ ಒಂದು ವಿಚಾರ ಹೊಳೆಯಿತಂತೆ. ನಮ್ಮ ಹಿಂದುಳಿದ ಜಿಲ್ಲೆ ಮುಂದೆ ಬರಬೇಕಾದರೆ ಇಲ್ಲಿ ವಿಡಿಯೊ ಗೇಮ್ ತಯಾರಾಗಬೇಕು, ಅದೂ ನಮ್ಮ ಸೀಮೆಯ ಬದುಕು ತೋರಿಸುವಂಥದ್ದು. ನಮ್ಮ ಓಣಿಗೆ ನಳ ಬರಬೇಕು ಎಂಬುದು ಯಾರಿಗೂ ಹೊಳೆಯಲಿಲ್ಲ, ಪಾಪ. ಕಾರ್ಖಾನೆಗೆಂದು ಸರ್ಕಾರ ಕೊಟ್ಟ ದುಡ್ಡು ಬಂದು ಬಿದ್ದದ್ದು ಖಣಿಯ ಮಾಲೀಕನಾದ ಇದೇ ಚಂದ್ರಾಮಪ್ಪನ ಮಡಿಲಿಗೆ. ಶೆಡ್ಡು ಎದ್ದದ್ದು ನಾವು ಕೂತು ಕಲ್ಲು ಕೆತ್ತುತ್ತಿದ್ದ ಬಯಲಿನಲ್ಲಿ. ಬಯಲು ಬಿಡಿಸುವ ಮೊದಲು ಅವನೇ ನಮ್ಮ ಓಣಿಗೆ ಬಂದು, ಮನೆಗೊಂದು ನೌಕರಿ ಕೊಡುತ್ತೇನೆಂದು ಕೈ ಮುಗಿದು ಹೇಳಿದ್ದ. ನಾವು ಎದ್ದು ಜಾಗ ಬಿಟ್ಟೆವು.

ನನಗೆ ನನ್ನ ಚಿಂತೆ ಇರಲಿಲ್ಲ. ನನ್ನ ಮಗಳು ಭಾಗಮ್ಮನಿಗೆ ಹತ್ತೊಂಬತ್ತು ವರ್ಷ, ಆಗಲೇ ಕೆಮ್ಮು ಹಿಡಿದಿತ್ತು. ಅವಳಪ್ಪ ಸಾಯಬಣ್ಣ ಹಾಗೇ ಕೆಮ್ಮಿ ಕೆಮ್ಮಿ ನಲವತ್ತಕ್ಕೇ ಹೋದ. ಗುಲ್ಬರ್ಗಾದ ದವಾಖಾನೆಯಲ್ಲಿ ಡಾಕ್ಟರು ಅವಳ ಎದೆಯ ಫೋಟೊ ನೋಡಿ, ಇನ್ನು ಧೂಳಿನ ಕೆಲಸಕ್ಕೆ ಕಳಿಸಿದರೆ ಇವಳೂ ಉಳಿಯುವುದಿಲ್ಲ ಎಂದು ನನ್ನ ಮುಖಕ್ಕೇ ಹೇಳಿದ್ದರು. ಶೆಡ್ಡಿನ ಒಳಗೆ ಧೂಳಿರಲಿಲ್ಲ. ನನಗೆ ಬೇಕಾದದ್ದು ಅಷ್ಟೇ, ಅವಳು ಆ ಬಾಗಿಲಿನ ಒಳಗೆ ಇರಬೇಕು.

ಆರು ತಿಂಗಳು ಯಾರೂ ಕರೆಯಲಿಲ್ಲ. ಮೊನ್ನೆ ಸಾವ್ಕಾರನ ಗುಮಾಸ್ತ ಶಹಾಬುದ್ದೀನ ಓಣಿಗೆ ಬಂದು, ಬೆಂಗಳೂರಿನ ಸಾಹೇಬರು ಕಾರ್ಖಾನೆ ನೋಡಲು ಬರುತ್ತಾರೆ, ಹನ್ನೆರಡು ಮಂದಿ ಜಳಕ ಮಾಡಿ ಬರ್ರಿ ಎಂದ. ಕೈ ತೊಳೆದ ಮೇಲೆ ಅವನೇ ನಮಗೆ ನೀಲಿ ಕೋಟು ಹಂಚಿದ. ಒಳಗೆ ಉದ್ದನೆಯ ಮೇಜು, ಒಬ್ಬೊಬ್ಬರ ಮುಂದೆ ಆಟದ ಮಷೀನು ಎನ್ನುವ ಒಂದು ಕರಿಯ ಡಬ್ಬಿ, ಕೈಗೊಂದು ಕರೆಂಟಿನಿಂದ ಕಾಯಿಸಿ ತಂತಿ ಬೆಸೆಯುವ ಕಡ್ಡಿ. ಕಡ್ಡಿ ತಣ್ಣಗಿತ್ತು. ಸಾಹೇಬರು ಕೇಳಿದರೆ ಮೂರು ತಿಂಗಳಿನಿಂದ ಇಲ್ಲೇ ಕೆಲಸ ಮಾಡುತ್ತಿದ್ದೇವೆ ಅನ್ನಬೇಕೆಂದು ಹೇಳಿಕೊಟ್ಟ. ನಾಳೆ ಎಷ್ಟು ಗಂಟೆಗೆ ಬರಬೇಕು ಎಂದು ನಾನು ಕೇಳಿದೆ. ಅವನು ನೆಲ ನೋಡಿದ.

"ಹಣಮವ್ವ, ಸಂಜೀಕ ಕೋಟ ವಾಪಸ್ ಕೊಡಬೇಕು. ನಾಳಿಂದ ಮತ್ತ ಖಣಿನೇ."

ಭಾಗಮ್ಮ ನನ್ನ ಪಕ್ಕದಲ್ಲೇ ಇದ್ದಳು. ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದವಳು ಒಂದು ಗಳಿಗೆ ನಿಂತು, ಆಮೇಲೆ ಉಳಿದ ಗುಂಡಿಯನ್ನೂ ಹಾಕಿಕೊಂಡಳು.

ಸಾಹೇಬರು ಬಂದರು. ಹಾರವಾಯಿತು, ಕಾಯಿ ಒಡೆದದ್ದಾಯಿತು. ಆ ಶೆಡ್ಡಿನಲ್ಲಿ ನಡೆಯುವ ಮಷೀನು ಇದ್ದದ್ದು ಒಂದೇ, ಮುಂಬೈಯಿಂದ ತರಿಸಿ ಟೀವಿಗೆ ಜೋಡಿಸಿದ್ದು. ಸಾವ್ಕಾರ ಅದನ್ನು ಹಚ್ಚಿ, ನಮ್ಮ ಭಾಗದ ಆಟ ಎಂದು ತೋರಿಸಿದ. ಟೀವಿಯೊಳಗೆ ಒಬ್ಬ ಸಣ್ಣ ಮನುಷ್ಯ ಸುತ್ತಿಗೆ ಹಿಡಿದು ಕಲ್ಲು ಒಡೆಯುತ್ತಿದ್ದ. ಅಯ್ಯ ನನ್ನ ಕರ್ಮವೇ, ನಮ್ಮನ್ನು ಬಿಸಿಲಿನಿಂದ ಎಬ್ಬಿಸಿ ಟೀವಿಯಲ್ಲಿ ಕೂರಿಸಿದ್ದರು! ಸಾಹೇಬರು ಮಷೀನಿನ ಆಡಿಸುವ ಕೋಲು ಹಿಡಿದು ಆಡತೊಡಗಿದರು. ಮೇಲಿಂದ ಬಂಡೆ ಉರುಳಿ ಮನುಷ್ಯ ಸತ್ತ, ಮತ್ತೆ ಎದ್ದ. ಮೂರು ಜೀವ ಇರುತ್ತವೆ ಎಂದು ಸಾಹೇಬರು ನಮ್ಮ ಕಡೆ ತಿರುಗಿ ನಗುತ್ತ ತಿಳಿಸಿಕೊಟ್ಟರು. ಸಾಯಬಣ್ಣನಿಗೆ ಒಂದೇ ಇತ್ತು.

"ಅಂವ ಕೆಮ್ಮಂಗಿಲ್ಲೇನ್ರಿ?" ಎಂದು ಭಾಗಮ್ಮ ಕೇಳಿದಳು.

ಸಾಹೇಬರಿಗೆ ಬಹಳ ಖುಷಿಯಾಯಿತು. ಒಳ್ಳೆಯ ಸಲಹೆ, ಮುಂದಿನ ಆಟದಲ್ಲಿ ಕೆಮ್ಮಿನ ಸದ್ದು ಹಾಕಿಸಿ ಎಂದು ಸಾವ್ಕಾರನಿಗೆ ಹೇಳಿದರು. ಶಹಾಬುದ್ದೀನ ಬರೆದುಕೊಂಡ.

ಆಮೇಲೆ ನಮಗೆ ಕೆಲಸ ಶುರು ಮಾಡಿ ಎಂದರು. ತಪ್ಪಾದದ್ದು ಇಲ್ಲಿಯೇ. ಕಲ್ಲು ಕೆತ್ತುವವರು ಬಾರಿಸಿ ನೋಡದೆ ಉಳಿ ಇಡುವುದಿಲ್ಲ. ಒಳಗೆ ಬಿರುಕಿದ್ದರೆ ಸದ್ದಿನಲ್ಲೇ ಗೊತ್ತಾಗುತ್ತದೆ. ಭಾಗಮ್ಮ ಗೆಣ್ಣಿನಿಂದ ತನ್ನ ಡಬ್ಬಿಯನ್ನು ಬಾರಿಸಿ ಕಿವಿ ಕೊಟ್ಟಳು. ನಾನೂ ಬಾರಿಸಿದೆ. ನೋಡುನೋಡುತ್ತ ಹನ್ನೆರಡೂ ಮಂದಿ ಬಾರಿಸಿದ್ದೆವು. ಬೇಕೆಂದು ಮಾಡಿದ್ದಲ್ಲ, ಕೈ ತಾನಾಗಿ ಹೋಯಿತು. ಹನ್ನೆರಡು ಡಬ್ಬಿಯೂ ಬೊದ್ ಬೊದ್ ಎಂದವು. ಒಳಗೆ ಏನೂ ಇರಲಿಲ್ಲ.

ಸಾವ್ಕಾರನ ಮುಖ ಬೆವರಿತು. ಸಾಹೇಬರೂ ಕೇಳಿಸಿಕೊಂಡಿದ್ದರು. ಈಗ ಏನಾದರೂ ಆಗುತ್ತದೆ ಎಂದು ನಾನು, ಹುಚ್ಚಿ, ಕಾಯ್ದೆ. ಸಾಹೇಬರು ಗಡಿಯಾರ ನೋಡಿ, ಊಟಕ್ಕೆ ಹೊತ್ತಾಯಿತೇ ಎಂದು ಕೇಳಿದರು. ನಿಂತಲ್ಲೇ ಫೈಲಿನಲ್ಲಿ ಬರೆದು, ಸಾವ್ಕಾರನಿಗೆ ಸಮಾಧಾನವಾಗಲೆಂದು ಓದಿಯೂ ಹೇಳಿದರು: ಉತ್ಪಾದನೆ ಭರದಿಂದ ಸಾಗಿದೆ, ಹನ್ನೆರಡು ಸ್ಥಳೀಯ ಮಹಿಳೆಯರಿಗೆ ಕಾಯಂ ಉದ್ಯೋಗ ದೊರೆತಿದೆ. ನಮ್ಮ ಹೆಸರಿನ ಪಟ್ಟಿಗೆ ಒಬ್ಬೊಬ್ಬರಿಂದ ಹೆಬ್ಬೆಟ್ಟು ಒತ್ತಿಸಿಕೊಂಡರು. ಏಳನೆಯ ಇಯತ್ತೆ ಓದಿದ ಭಾಗಮ್ಮ ಸಹಿ ಹಾಕಿದಳು. ಪಟ್ಟಿಯ ಒಂದು ಪ್ರತಿ ಶೆಡ್ಡಿನ ಗೋಡೆಗೆ ಅಂಟಿತು.

ಜೀಪು ಹೋದ ಮೇಲೆ ಸಾವ್ಕಾರ ಬಾಗಿಲಿಗೆ ಅಡ್ಡ ನಿಂತ. "ಕೋಟ ಬಿಚ್ಚ್ರಿ. ಡಬ್ಬಿ ಬಾರಸ್ತೀರೇನ ಬೋಸಡೇರಾ? ನಾಳಿಂದ ಖಣ್ಯಾಗೂ ಕೆಲಸ ಇಲ್ಲ ನಿಮಗ."

ಹೆಂಗಸರ ಕೈ ಗುಂಡಿಗೆ ಹೋದವು. ನನ್ನದೂ ಹೋಯಿತು, ಸುಳ್ಳು ಯಾಕೆ ಹೇಳಲಿ. ಭಾಗಮ್ಮ ಮಾತ್ರ ಕೈ ಎತ್ತಲಿಲ್ಲ.

"ಸಾಹೇಬ್ರು ಬರದು ಹೋಗ್ಯಾರ್ರಿ, ನಾ ಇಲ್ಲಿ ಕಾಯಂ ಅದೀನಿ. ನಾ ಕೋಟ ಬಿಚ್ಚಿದ್ರ ಸರ್ಕಾರ ಸುಳ್ಳ ಆಗ್ತದ."

ಅವನು ಹೊಡೆಯಲು ಕೈ ಎತ್ತಿದ. ಹನ್ನೊಂದು ಮಂದಿ ಗುಂಡಿ ಬಿಟ್ಟು ಅವಳ ಸುತ್ತ ಬಂದು ನಿಂತೆವು. ಎತ್ತಿದ ಕೈಯನ್ನು ಅವನು ತಲೆ ಕೆರೆದುಕೊಂಡು ಇಳಿಸಿದ. ಅವತ್ತು ನಾವು ಕೋಟು ಹಾಕಿಕೊಂಡೇ ಓಣಿಗೆ ನಡೆದೆವು.

ಮರುದಿನ ಎಂಟಕ್ಕೆ ರೊಟ್ಟಿ ಗಂಟು ಕಟ್ಟಿಕೊಂಡು ಹೋದೆವು. ಬಾಗಿಲು ಕಾಯಲು ನಿಂತಿದ್ದ ಶಹಾಬುದ್ದೀನ ನಮ್ಮನ್ನು ನೋಡಿ ಬೀಡಿ ಹಚ್ಚುವ ನೆಪದಲ್ಲಿ ಆ ಕಡೆ ತಿರುಗಿಕೊಂಡ. ನಾವು ಒಳಗೆ ಹೋಗಿ ನಮ್ಮ ನಮ್ಮ ಡಬ್ಬಿಯ ಮುಂದೆ ಕೂತೆವು. ಸಾವ್ಕಾರ ಓಡಿ ಬಂದ. ತಾಯಿ, ಅಕ್ಕ, ಅಜ್ಜಿ, ಯಾರನ್ನೂ ಬಿಡದೆ ಬೈದ. ಕರೆಂಟು ತೆಗೆಸಿದ. ನಾವು ಏಳಲಿಲ್ಲ. ಠಾಣೆಗೆ ಫೋನು ಮಾಡುತ್ತೇನೆಂದು ಮೂಲೆಯ ಮೇಜಿಗೆ ಹೋದ.

ಭಾಗಮ್ಮ ಎದ್ದು, ಗೋಡೆಯ ಪಟ್ಟಿ ನೋಡಿ ಹಾಜರಿ ಕರೆಯತೊಡಗಿದಳು. ನಡುವೆ ಕೆಮ್ಮು ಬಂದಾಗ ನಾವೆಲ್ಲ ಕಾಯ್ದೆವು. ಹೆಸರು ಬಂದವರು ಅದೀನಿ ಅಂದರು. ಕೊನೆಯ ಹೆಸರು ನನ್ನದು.

"ಹಣಮವ್ವ ಸಾಯಬಣ್ಣ."

"ಅದೀನಿ" ಎಂದೆ. ಫೋನಿನಲ್ಲಿ ಆ ಕಡೆಯವರು, ಈ ಹೆಂಗಸರು ಮಾಡಿದ ತಪ್ಪೇನು ಎಂದು ಕೇಳಿರಬೇಕು. ಸಾವ್ಕಾರ ಹಲ್ಲು ಕಚ್ಚಿ ಹೇಳಿದ, "ಕೆಲಸಕ್ಕ ಬಂದಾರ್ರಿ."