ಏರಿನಲ್ಲಿ ಇಳಿದದ್ದು

ಮದರಾಸಿನ ಕಣ್ಣಾಸ್ಪತ್ರೆಯಲ್ಲಿ ಹೊಸ ರೋಗಿಗಳನ್ನು ನೋಡುವುದು ಹತ್ತು ಗಂಟೆಯವರೆಗೆ ಮಾತ್ರ. ಅಲ್ಲಿಯ ದೊರೆ ಡಾಕ್ಟರು ಮಾರನೆಯ ದಿನವೇ ಆರು ತಿಂಗಳ ರಜದ ಮೇಲೆ ಹಡಗು ಹತ್ತಿ ಇಂಗ್ಲೆಂಡಿಗೆ ಹೊರಡುವವರಿದ್ದರು. ಅಪ್ಪನ ಎಡಗಣ್ಣು ಹೋಗಿ ವರ್ಷವಾಗಿತ್ತು. ಬಲಗಣ್ಣಿನಲ್ಲಿ ಸ್ವಲ್ಪವಾದರೂ ಬೆಳಕಿರುವಾಗಲೇ ಶಸ್ತ್ರಚಿಕಿತ್ಸೆ ಆದರೆ ಅದು ಉಳಿದೀತು ಎಂದು ಬೆಂಗಳೂರಿನ ಡಾಕ್ಟರು ಸಂಕ್ರಾಂತಿಯ ಹೊತ್ತಿಗೆ ಕಾಗದ ಕೊಟ್ಟಿದ್ದರು. ಕ್ಲೋಸ್‌ಪೇಟೆಯಲ್ಲಿ ರೈಲು ಹತ್ತಿದಾಗಿನಿಂದ ಆ ಕಾಗದವನ್ನು ಎಷ್ಟು ಸಲ ಮುಟ್ಟಿ ನೋಡಿಕೊಂಡೆನೋ.

ಮನೆಯಲ್ಲಿ ಮೈಸೂರಿನ ಕಾಲೇಜಿಗೆ ಹೋದವಳು ನಾನೊಬ್ಬಳೇ. ಈಗ ಕ್ಲೋಸ್‌ಪೇಟೆಯ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತೇನೆ. ಅಪ್ಪ ಸಾತನೂರಿನಲ್ಲೇ ಇರುತ್ತಾರೆ. ಮೂವತ್ತು ವರ್ಷ ಅಲ್ಲಿಂದ ಕ್ಲೋಸ್‌ಪೇಟೆಯ ಸ್ಟೇಷನ್ನಿಗೆ ಹುಣಸೆಹಣ್ಣಿನ ಗಾಡಿ ಹೊಡೆದವರು.

ಸ್ಟೇಷನ್ನಿನ ಮುಂದೆ ಟ್ರಾಮ್ ಹತ್ತಿದೆವು. ಗುಮಾಸ್ತರು, ಹೂವಿನ ಬುಟ್ಟಿಯವರು, ಕೈಕಾಲಿಗೆ ಪಟ್ಟಿ ಕಟ್ಟಿಕೊಂಡವರು, ಎಲ್ಲರೂ ಒಂದೇ ಹಲಗೆಯ ಮೇಲೆ ಒತ್ತಿ ಕೂತಿದ್ದರು. ಅಪ್ಪನಿಗೆ ಅಂಚಿನಲ್ಲಿ ಜಾಗ ಸಿಕ್ಕಿತು, ನನಗೆ ಎರಡು ಸಾಲು ಮುಂದೆ. ಅಪ್ಪನ ಪಕ್ಕದಲ್ಲಿದ್ದವನು ಚನ್ನಪಟ್ಟಣದ ಬೊಂಬೆ ಮಾರುವ ಗಫಾರ್. ನಮ್ಮ ಮಾತು ಕೇಳಿಯೇ ಊರು ವಿಚಾರಿಸಿದ.

"ಎತ್ತಿಲ್ಲ, ಕುದುರೆಯಿಲ್ಲ, ಕರೆಂಟಲ್ಲಿ ಓಡ್ತೈತೆ ಅಯ್ನೋರೆ. ಮೇವೂ ಬೇಡ, ನೀರೂ ಬೇಡ."

"ಹಂಗಾರೆ ಗೊಬ್ಬರಕ್ಕೆ ಏನ್ ಮಾಡ್ತಾರಪ್ಪ?" ಅಂದರು ಅಪ್ಪ.

ಗಫಾರ್ ನಕ್ಕ. ನನಗೆ ನಗು ಬರಲಿಲ್ಲ. ಎದುರಿನವರ ಜೇಬು ಗಡಿಯಾರದಲ್ಲಿ ಒಂಬತ್ತೂಕಾಲು. ನಿಲ್ದಾಣಗಳನ್ನು ಎಣಿಸುತ್ತಿದ್ದೆ. ರಾತ್ರಿಯಿಡೀ ಕೂತೇ ಬಂದ ಮೈ, ಕಣ್ಣು ಉರಿಯುತ್ತಿತ್ತು. ಒಂದು ಸೇತುವೆಯ ಏರಿನಲ್ಲಿ ಟ್ರಾಮ್ ಮುಲುಗುತ್ತ ನಡಿಗೆಯಷ್ಟು ನಿಧಾನವಾಯಿತು. ಆಚೆ ಇಳಿಜಾರಿನಲ್ಲಿ ಮತ್ತೆ ಓಡತೊಡಗಿದಾಗ ಗಫಾರ್ ಕೂಗಿದ.

"ಅಮ್ಮಾ, ನಿಮ್ಮಪ್ಪ ಎಲ್ಲಿ? ಒಸಿ ಸರ್ಕೊಳಪ್ಪ ಅಂದ್ರು, ಜಾಗ ಬದಲಾಯಿಸ್ತಾರೆ ಅನ್ಕೊಂಡೆ."

ನನಗೆ ಆಗಲೇ ಹೊಳೆಯಿತು, ಏರಿನಲ್ಲಿ ಇಳಿದುಬಿಟ್ಟಿದ್ದಾರೆ. ನಮ್ಮ ರಸ್ತೆಯ ಏರುಗಳಲ್ಲಿ ಕಾಯಿಲೆಯವರು, ಬಸುರಿಯರನ್ನು ಬಿಟ್ಟು ಗಾಡಿಯಲ್ಲಿ ಯಾರೂ ಕೂತಿರುವುದಿಲ್ಲ. ಎತ್ತು ಏದುಸಿರು ಬಿಡುವಾಗ ಕೂತಿರುವುದು ಅಪ್ಪನ ಮೈಗೇ ಗೊತ್ತಿಲ್ಲ.

ಮುಂದಿನ ನಿಲ್ದಾಣದಲ್ಲಿ ಇಳಿದು ಹಿಂದಕ್ಕೆ ಓಡಿದೆ. ಸೇತುವೆಯ ನೆತ್ತಿಯಲ್ಲಿ ಅಪ್ಪ ನಡೆದು ಬರುತ್ತಿದ್ದರು. ಕೋಲಿನ ತುದಿಯನ್ನು ಹಳಿಯ ಸೀಳಿನಲ್ಲಿಟ್ಟು, ಅದನ್ನೇ ಹಿಡಿದು, ಅವಸರವಿಲ್ಲದೆ. ಹಿಂದೆ ಇನ್ನೊಂದು ಟ್ರಾಮ್ ಗಂಟೆ ಬಾರಿಸುತ್ತ ತೆವಳುತ್ತಿತ್ತು. ಅದರ ಡ್ರೈವರು ತಮಿಳಿನಲ್ಲಿ ಬಯ್ಯುತ್ತಿದ್ದ.

ಏದುಸಿರಿನಲ್ಲಿ ಮಾತು ಹೊರಡದೆ ಅವರ ಮುಂದೆ ನಿಂತೆ. ಒಂದು ಮೊಳದ ಅಂತರ. ಕೋಲು ನನ್ನ ಕಾಲಿಗೆ ತಗುಲಿತು.

"ಯಾರಪ್ಪ ಅದು? ಒಸಿ ದಾರಿ ಬುಡಿ. ಮಗಳು ಮುಂದಿನ ಗಾಡೀಲಿ ಅವ್ಳೆ."

ಹಾಡುಹಗಲು. ಅಪ್ಪ ನನ್ನ ಮುಖವನ್ನೇ ನೋಡುತ್ತಿರುವಂತಿತ್ತು.

"ನಾನೇ, ಅಪ್ಪ."

ಅವರು ತಲೆ ತಗ್ಗಿಸಿದರು. ಕೈ ಹಿಡಿದು ಪಕ್ಕಕ್ಕೆ ಕರೆತಂದೆ.

"ಯಾವಾಗಿಂದ ಏನೂ ಕಾಣ್ತಿಲ್ಲ?"

"ಯುಗಾದಿ ಆದಾಗಿಂದ."

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಇಸ್ಕೂಲು ಬುಟ್ಬುಟ್ಟು ಬಂದು ನನ್ನ ಕಾಯ್ಕೊಂಡು ಕೂತ್ಕತಿದ್ದೆ ಗಿರಿಜಾ."

ತಿಂಗಳಿಗೊಮ್ಮೆ ಹೋಗಿ ನೋಡುತ್ತಿದ್ದೆ. ಮನೆಯ ಗೋಡೆ, ಹೊಸ್ತಿಲು, ನೀರಿನ ಕೊಡ ಎಲ್ಲ ಅವರ ಕೈಗೆ ಗೊತ್ತು. ನನಗೆ ಏನೂ ಗೊತ್ತಾಗಿರಲಿಲ್ಲ.

ಬಯ್ಯುತ್ತಿದ್ದ ಡ್ರೈವರೇ ಟ್ರಾಮ್ ನಿಲ್ಲಿಸಿ ಹತ್ತಿಸಿಕೊಂಡ. ಹತ್ತಕ್ಕೆ ಐದು ನಿಮಿಷವಿರುವಾಗ ಆಸ್ಪತ್ರೆ ಸೇರಿದೆವು. ಡಾಕ್ಟರು ಕಣ್ಣಿನ ಹತ್ತಿರ ದೀಪ ಹಿಡಿದು ಇಂಗ್ಲಿಷಿನಲ್ಲಿ ಕೇಳಿದ್ದನ್ನು ನಾನು ಅಪ್ಪನಿಗೆ ಹೇಳಿದೆ.

"ಬೆಳಕು ಕಾಣುತ್ತಾ ಅಂತ ಕೇಳ್ತಿದ್ದಾರೆ."

"ಒಸಿ ಕಾಣ್ತದೆ ಅನ್ನು."

"ಯಾವ ಕಡೆ?"

ಅಪ್ಪ ಬಲಗಡೆಗೆ ಬೆರಳು ತೋರಿಸಿದರು. ದೀಪ ಎಡಗಡೆ ಇತ್ತು. ಡಾಕ್ಟರು ಅದನ್ನು ಆರಿಸಿ, ಕಾಗದವನ್ನು ಮಡಿಸಿ ನನ್ನ ಕೈಗೆ ಕೊಟ್ಟರು. ಮೆಲ್ಲಗೆ ಎರಡೇ ಮಾತು ಹೇಳಿದರು. ಅದನ್ನು ಕನ್ನಡದಲ್ಲಿ ಹೇಗೆ ಹೇಳಲಿ ಎಂದು ಯೋಚಿಸುತ್ತಿರುವಾಗಲೇ ಅಪ್ಪ ಎದ್ದು ನಿಂತರು.

ಹೊರಗೆ, ಟ್ರಾಮ್ ನಿಲ್ಲುವಲ್ಲಿನ ಕಟ್ಟೆಯ ಮೇಲೆ ಕೂತೆವು.

"ಎಷ್ಟು ದಿನ ರಜ ಹಾಕಿದ್ದೀಯೆ?" ಅಂದರು ಅಪ್ಪ.

"ಹದಿನೈದು."

"ಈವತ್ತೇ ಹೊಂಟ್ಬುಡಾನ. ನಾಳಿದ್ದು ನೀನು ಇಸ್ಕೂಲಿಗೆ ಹೋಗಬೋದು."

ಎರಡು ಟ್ರಾಮ್ ಬಂದು ಹೋದವು. ಏಳಲು ನನ್ನಿಂದ ಆಗಲಿಲ್ಲ.