ಹತ್ತನೆಯ ತಪ್ಪು

"ಸಾಕು, ರೂಬಿ," ಎಂದು ಫಹಮಿದಾ ಪೆನ್ಸಿಲ್ ಕೆಳಗಿಟ್ಟಳು.

ಹುಡುಗಿ ತಲೆಯೆತ್ತಲಿಲ್ಲ. ಪುಟದ ನಡುವೆ ಒಂದು ಪದದ ಮುಂದೆ ಇನ್ನೂ ನಿಂತೇ ಇದ್ದಳು. "ನೈಗ್... ನೈಗ್‌ಹೋ..." ನೇಬರ್ ಎಂಬ ಪದ ಅವಳ ಬಾಯಲ್ಲಿ ಮುಳ್ಳು ತೆಗೆಯದ ಮೀನಿನ ತುಂಡಿನ ಹಾಗೆ ಹೊರಳುತ್ತಿತ್ತು. ಅದು ಹತ್ತನೆಯ ತಪ್ಪು. ಗಟ್ಟಿಯಾಗಿ ಓದುವಾಗ ಹತ್ತು ಪದ ತಪ್ಪಿದರೆ ಅಲ್ಲಿಗೇ ನಿಲ್ಲಿಸಬೇಕು, ಮುಂದಿನ ಹಾಳೆಯಲ್ಲಿರುವ ಪ್ರಶ್ನೆಗಳನ್ನು ಕೇಳಬಾರದು. ಪರೀಕ್ಷೆಯ ನಿಯಮ ಹಾಗಿತ್ತು.

ಹೆಂಡರ್ಸನ್ನಿನ ಆ ಹೈಸ್ಕೂಲಿನಲ್ಲಿ ಲೈಬ್ರರಿಯ ಹಿಂದಿನ ಸಣ್ಣ ಕೋಣೆ ಇಂಗ್ಲಿಷ್ ಬಾರದ ಮಕ್ಕಳಿಗೆಂದು ಮೀಸಲು. ಎರಡು ಮೂರು ವರ್ಷಗಳಿಂದ ಚೀನಾದಿಂದ ಬರುವ ಮಕ್ಕಳ ಸಂಖ್ಯೆ ಏರುತ್ತಲೇ ಇತ್ತು. ಹದಿನಾರು ಹದಿನೇಳರ ಪ್ರಾಯದವರು, ಅಪರಿಚಿತರ ಮನೆಯ ಹಿಂದಿನ ಕೋಣೆಗಳಲ್ಲಿ ಇರುವವರು, ಬೆಳಿಗ್ಗೆ ಒಣ ಟೋಸ್ಟ್ ತಿಂದು ಬರುವವರು. ಎಲ್ಲರ ಕೈಯಲ್ಲೂ ಪುಟ್ಟ ಎಲೆಕ್ಟ್ರಾನಿಕ್ ನಿಘಂಟು. ಪರೀಕ್ಷೆಯ ಹೊತ್ತಿಗೆ ಅದನ್ನು ತೆಗೆದು ಮೇಜಿನ ಮೂಲೆಯಲ್ಲಿಡಬೇಕು. ಅವರು ಇಂಗ್ಲಿಷನ್ನು ಎಷ್ಟು ಓದಿ ತಿಳಿಯಬಲ್ಲರು ಎಂದು ಒಬ್ಬೊಬ್ಬರನ್ನೇ ಕೂರಿಸಿ ನೋಡುವುದು ಟೀಚರ್ ಏಡ್, ಅಂದರೆ ಟೀಚರಿನ ಸಹಾಯಕಿ, ಆದ ಫಹಮಿದಾಳ ಕೆಲಸ. ಅವಳು ಕೊಟ್ಟ ಅಂಕದ ಮೇಲೆ ಯಾರು ಮೇಲಿನ ತರಗತಿಗೆ, ಯಾರು ಇದ್ದಲ್ಲಿಯೇ ಎಂಬುದು ತೀರ್ಮಾನವಾಗುತ್ತಿತ್ತು.

ಫಹಮಿದಾ ಹಾಳೆಯನ್ನು ತನ್ನ ಕಡೆ ಎಳೆದಳು. ಅದರ ಇನ್ನೊಂದು ತುದಿಯನ್ನು ಹುಡುಗಿ ಬಿಡಲಿಲ್ಲ.

"ಮಿಸ್, ನೋ ಡಾಗ್."

"ಏನು?"

"ಓಲ್ಡ್ ಮ್ಯಾನ್. ಹಿ ಹ್ಯಾವ್ ನೋ ಡಾಗ್. ಡಾಗ್ ಡೈ, ಬಿಫೋರ್. ಹಿ ಗೋ ಶಾಪ್... ಫಾರ್ ಟಾಕ್."

ಫಹಮಿದಾಳ ಕೈ ಅಲ್ಲಿಯೇ ನಿಂತಿತು. ಆ ಪುಟದಲ್ಲಿ ಇದ್ದದ್ದು ಒಬ್ಬ ಮುದುಕನ ಕಥೆ. ಅವನು ದಿನಾ ಬೆಳಿಗ್ಗೆ ಮೂಲೆಯ ಡೇರಿ ಅಂಗಡಿಗೆ ಹೋಗಿ ನಾಯಿಯ ಊಟದ ಡಬ್ಬಿಯೊಂದನ್ನು ಕೊಳ್ಳುತ್ತಾನೆ. ಅಂಗಡಿಯವಳೊಡನೆ ಹವೆಯ ಬಗ್ಗೆ, ನಾಯಿಯ ತುಂಟತನದ ಬಗ್ಗೆ ಮಾತಾಡುತ್ತಾನೆ. ಅವನ ಮನೆಯಲ್ಲಿ ನಾಯಿ ಬೊಗಳಿದ್ದನ್ನು ಮಾತ್ರ ನೆರೆಯವರು ಯಾರೂ ಕೇಳಿಲ್ಲ. ಅವನೇಕೆ ಡಬ್ಬಿ ಕೊಳ್ಳುತ್ತಾನೆ ಎಂಬುದು ಮುಂದಿನ ಹಾಳೆಯ ಕೊನೆಯ ಪ್ರಶ್ನೆ. ಲಕ್ಕಿ ಎಂದು ಹೆಸರಿಟ್ಟುಕೊಂಡ ಹುಡುಗ ಹಿಂದಿನ ದಿನವಷ್ಟೇ ಇದೇ ಪುಟವನ್ನು ಟೀವಿಯ ವಾರ್ತೆಯವರ ಹಾಗೆ ಎಲ್ಲಿಯೂ ಎಡವದೆ ಓದಿದ್ದ. ಆ ಪ್ರಶ್ನೆಗೆ ಅವನು ಕೊಟ್ಟ ಉತ್ತರ: "ಬಿಕಾಸ್ ಡಾಗ್ ಈಸ್ ಹಂಗ್ರಿ." ಓದಿನ ಅಂಕ ಚೆನ್ನಾಗಿತ್ತು, ಅವನು ಮೇಲಿನ ತರಗತಿಗೆ ಹೋಗುವುದು ಖಚಿತವಾಗಿತ್ತು.

ಗಂಟೆ ಬಾರಿಸಿತು. ಹುಡುಗಿ ನಿಘಂಟನ್ನು ಜೇಬಿಗಿಳಿಸಿ ಬಾಗಿಲ ಹತ್ತಿರ ನಿಂತಳು. ಹಾಜರಿಯಲ್ಲಿ ಅವಳು ರೂಬಿ. ನಿಜವಾದ ಹೆಸರು ರುಯಿ.

"ಸೇಮ್ ಕ್ಲಾಸ್, ಮಿಸ್? ಮೈ ಫಾದರ್ ಸೇ, ಸೇಮ್ ಕ್ಲಾಸ್, ಕಮ್ ಹೋಮ್, ಚೈನಾ."

"ನನಗೆ ಗೊತ್ತಿಲ್ಲ ರುಯಿ. ಶುಕ್ರವಾರ ಹೇಳುತ್ತಾರೆ," ಎಂದು ಫಹಮಿದಾ ಇಂಗ್ಲಿಷಿನಲ್ಲಿ ಹೇಳಿದಳು. ಗೊತ್ತಿತ್ತು. ಹಾಳೆಯ ಮೇಲೆ ಆಗಲೇ ಬರೆದಾಗಿತ್ತು.

ಭೂಗೋಲದ ಕೆಳತುದಿಯ ಈ ದೇಶದಲ್ಲಿ ಜುಲೈ ಎಂದರೆ ನಡು ಚಳಿಗಾಲ. ಐದೂವರೆಗೆಲ್ಲ ಕತ್ತಲಾಗಿತ್ತು. ಗಂಡ ಶೌಕತ್ ಅಂಗಡಿಯಿಂದ ಮನೆಗೆ ಬಂದವನೇ ಹೀಟರಿನ ಮುಂದೆ ಕಾಲು ಚಾಚಿದ. ಟೌನ್ ಸೆಂಟರಿನಲ್ಲಿ ಅವನದು ಫೋನ್ ಕಾರ್ಡು, ಮೊಬೈಲ್ ಕವರುಗಳ ಚಿಕ್ಕ ಅಂಗಡಿ.

"ಇವತ್ತೂ ಚೀನೀ ಹುಡುಗರದs ರಶ್ ನೋಡು. ಎಲ್ಲಾರಿಗೂ ಊರಿಗೆ ಫೋನ್ ಹಚ್ಚೂದs ಐತಿ," ಎಂದ. ಆಮೇಲೆ ಅವಳ ಮುಖ ನೋಡಿದ. "ಯಾಕ, ಸಪ್ಪಗಿದ್ದಿ?"

ಫಹಮಿದಾ ಹೇಳಿದಳು. ಅವನು ಚಹಾ ಹೀರುತ್ತ ಕೇಳಿದ.

"ನಿಯಮ ಅಂದ್ರ ನಿಯಮ. ಚಂದ್ರಿಕಾ ಮೇಡಮ್ ಕೊಡಿಸಿದ ಕೆಲಸ, ಅವರಿಗೇ ನೀ ಪಾಠಾ ಹೇಳಾಕ ಹೊಂಟೀಯೇನು? ನೆನಪೈತಿಲ್ಲೋ, ಹೊಸದಾಗಿ ಬಂದಾಗ ಡೇರಿಗೆ ಹೋಗಿ ಬಾ ಅಂದ್ರ ಖಾಲಿ ಪಾತ್ರಿ ಹಿಡಕೊಂಡು ಹೊಂಟಿದ್ದಿ!"

"ಗದಗಿನಾಗ ಡೇರಿಗೆ ಹೋಗೋದು ಪಾತ್ರಿ ಹಿಡಕೊಂಡs," ಎಂದು ಫಹಮಿದಾ ಅಂದಳು. "ಇಲ್ಲಿ ಕಿರಾಣಿ ಅಂಗಡಿಗೆ ಡೇರಿ ಅಂತಾರಂತ ನನಗೇನು ಕನಸು ಬಿದ್ದಿತ್ತೇನು?"

"ಅದನ್ನs ಹೇಳಾಕತ್ತೇನಿ. ಓದಾಕ ಬಂದ್ರೂ ಅರ್ಥ ಆಗಬೇಕಲ್ಲ," ಎಂದು ಶೌಕತ್ ನಕ್ಕ. ತಾನು ಹೇಳಿದ್ದು ಹೆಂಡತಿಯ ಕಡೆಗೇ ವಾಲಿತೆಂದು ಅವನಿಗೆ ಹೊಳೆಯಲಿಲ್ಲ.

ಒಳಗಿನ ಕೋಣೆಯಲ್ಲಿ ಮಗಳು ಸನೋಬರ್ ಅರಬ್ಬಿ ಓದುತ್ತಿದ್ದಳು. ಹದಿಮೂರರ ಹುಡುಗಿ, ಭಾನುವಾರದ ಪಾಠಕ್ಕೆ ತಯಾರಿ. ಫಹಮಿದಾ ಬಾಗಿಲಿಗೆ ಒರಗಿ ನಿಂತಳು. ಹುಡುಗಿಯ ದನಿ ಏರಿ ಇಳಿದು, ಬೇಕಾದಲ್ಲಿ ಉದ್ದವಾಗಿ, ಬೇಕಾದಲ್ಲಿ ಮೊಟಕಾಗಿ, ನೀರು ಹರಿದಂತೆ ಹೋಗುತ್ತಿತ್ತು.

"ಚೊಲೊ ಓದಿದಿ. ಏನಂತ ಬರದೈತಿ ಅದರಾಗ?"

"ಡನ್ನೋ, ಮಮ್. ಯು ಟೆಲ್ ಮಿ," ಎಂದಳು ಸನೋಬರ್, ಪುಟ ತಿರುವದೆ.

ಫಹಮಿದಾಳಿಗೂ ಗೊತ್ತಿರಲಿಲ್ಲ. ಗದಗಿನ ಓಣಿಯಲ್ಲಿ ಅರಬ್ಬಿ ಕಲಿಸುವ ಹಜರತರ ಮುಂದೆ ಚಾಪೆಯ ಮೇಲೆ ಕೂತು, ಅಕ್ಷರದ ಕೆಳಗೆ ಬೆರಳು ಓಡಿಸುತ್ತ, ಒಂದು ಸ್ವರದ ಗೆರೆಯೂ ತಪ್ಪದ ಹಾಗೆ ಅವಳು ಇಡೀ ಪಾಠ ಮುಗಿಸಿದ್ದಳು. ಪುಸ್ತಕವಿಡುವ ಕಟ್ಟಿಗೆಯ ಪೀಠವೊಂದು ಬಹುಮಾನ ಬಂದಿತ್ತು. ಅರ್ಥ ತಿಳಿಯದಿದ್ದರೂ ಓದುವಾಗ ಮನಸ್ಸು ತಂಪಾಗುತ್ತಿತ್ತು, ಈಗಲೂ ಆಗುತ್ತದೆ. ಓದಿದ್ದು ತಿರುಗಿ ಮಾತಾಡುತ್ತದೆ ಎಂದು ಅವಳಿಗೆ ತಿಳಿದದ್ದು ಬೇರೊಂದು ದಿನ. ಎರಡನೆಯ ಇಯತ್ತೆಯಲ್ಲಿ, ಗಿರಣಿಯ ಮುಂದೆ ಅಮ್ಮನ ಸೆರಗು ಹಿಡಿದು ನಿಂತಾಗ, 'ಇಲ್ಲಿ ಖಾರ ಕುಟ್ಟಿ ಕೊಡಲಾಗುತ್ತದೆ' ಎಂಬ ಬೋರ್ಡನ್ನು ಅವಳು ಬಾಯಿ ಬಿಡದೆ ನೋಡಿದ್ದಳು. ನೋಡುತ್ತಲೇ ಮೂಗಿಗೆ ಘಾಟು ಹತ್ತಿದಂತಾಗಿ ಸೀನಿದ್ದಳು. ಗಿರಣಿ ಅಂದು ಮುಚ್ಚಿತ್ತು.

ರುಯಿಯ ಕಣ್ಣು ಪುಟದ ಮೇಲೆ ಹೋದ ರೀತಿ ನೆನಪಾಯಿತು. ತುಟಿ ತಡವರಿಸುತ್ತಿತ್ತು. ಕಣ್ಣು ಮಾತ್ರ ಆಗಲೇ ಕೊನೆಯ ಸಾಲು ಮುಟ್ಟಿ ಬಂದಿತ್ತು. ಚೀನೀ ಅಕ್ಷರಗಳನ್ನು ಉಚ್ಚರಿಸಲು ಬಾರದಿದ್ದರೂ ನೋಡಿದರೆ ಅರ್ಥವಾಗುತ್ತದೆ, ಬೇರೆ ಬೇರೆ ಸೀಮೆಯವರು ಬೇರೆ ಬೇರೆ ಉಚ್ಚಾರದಲ್ಲಿ ಒಂದೇ ಬರಹ ಓದುತ್ತಾರೆ ಎಂದು ಹಿಂದೊಮ್ಮೆ ರುಯಿಯೇ ಕೈಸನ್ನೆ ಮಾಡಿ ಹೇಳಿದ್ದಳು. ಆಗ ಫಹಮಿದಾ ತಲೆಯಾಡಿಸಿ ಮರೆತಿದ್ದಳು.

ಮರೆಯದ ಇನ್ನೊಂದಿತ್ತು. ಈ ದೇಶಕ್ಕೆ ಬಂದ ಮೊದಲ ವರ್ಷ ಕೆಲಸ ಕೇಳಿಕೊಂಡು ಹೋದ ಕಡೆಯಲ್ಲೆಲ್ಲ ಅವಳೊಡನೆ ಜನ ನಿಧಾನವಾಗಿ, ಕಿವುಡರಿಗೆ ಹೇಳುವ ಹಾಗೆ ದೊಡ್ಡ ದನಿಯಲ್ಲಿ ಮಾತಾಡುತ್ತಿದ್ದರು. ಅವಳಿಗೆ ಎಲ್ಲವೂ ತಿಳಿಯುತ್ತಿತ್ತು. ಉತ್ತರ ನಾಲಿಗೆಗೆ ಬರುವಷ್ಟರಲ್ಲಿ ಅವರು ಬಾಗಿಲು ತೋರಿಸಿರುತ್ತಿದ್ದರು.

ಮರುದಿನ ಗುರುವಾರ. ಬೆಳಗಿನ ಚಹಾದ ಬಿಡುವಿನಲ್ಲಿ ಚಂದ್ರಿಕಾ ಒಬ್ಬರೇ ತಮ್ಮ ಮೇಜಿನ ಮುಂದೆ ಸಿಕ್ಕರು. ಆ ವಿಭಾಗದ ಟೀಚರು, ಮೈಸೂರಿನವರು. ಮೂರು ವರ್ಷದ ಹಿಂದೆ ಕನ್ನಡದವರು ಸೇರಿದ್ದ ಯುಗಾದಿ ಊಟದಲ್ಲಿ ಪರಿಚಯವಾಗಿ ಫಹಮಿದಾಳಿಗೆ ಈ ಕೆಲಸ ಕೊಡಿಸಿದವರು. ಅಂದಿನಿಂದ ಫಹಮಿದಾ ಅವರಿಗೆ ಒಮ್ಮೆಯೂ ಇಲ್ಲ ಎಂದವಳಲ್ಲ.

"ಮೇಡಮ್, ರೂಬಿದು ಒಂದು ಮಾತಿತ್ರಿ."

"ಅಯ್ಯೋ, ನಾಳೆ ಬೆಳಿಗ್ಗೆ ಲಿಸ್ಟ್ ಡೀನ್‌ಗೆ ಹೋಗ್ಬೇಕು ಕಣ್ರೀ. ಆ ಹುಡುಗಿ ಪಾಪ, ಅರ್ಧ ಪುಟಾನೂ ಓದಿಲ್ಲ."

"ಓದ್ಯಾಳ್ರಿ. ಬಾಯಾಗ ಓದಿಲ್ಲ, ಕಣ್ಣಾಗ ಓದ್ಯಾಳ. ನಾಯಿ ಸತ್ತೈತಿ, ಮುದುಕ ಮಾತಾಡಾಕ ಅಂಗಡಿಗೆ ಹೋಗ್ತಾನ ಅಂತ ತಾನs ಹೇಳಿದ್ಲು. ನಾ ಕೇಳಿಲ್ಲ."

ಚಂದ್ರಿಕಾ ಕನ್ನಡಕ ತೆಗೆದು ಮೂಗಿನ ಬದಿ ಒತ್ತಿಕೊಂಡರು. "ನೀವು ಹೇಳೋದು ನಿಜಾನೇ ಇರಬಹುದು. ಆದ್ರೆ ನೋಡಿ, ಇಲ್ಲಿ ಇಂಗ್ಲಿಷ್ ಕಲಿಸೋಳು ಇಂಡಿಯಾದೋಳು ಅಂತ ಮೊದಲೇ ಪೇರೆಂಟ್ಸ್ ಒಂಥರಾ ನೋಡ್ತಾರೆ. ನಾನೇ ನಿಯಮ ಮೀರಿದ್ರೆ? ಮೇಲಿನ ಕ್ಲಾಸಿಗೆ ಹೋಗಿ ಅವಳು ಮುಗ್ಗರಿಸಿದ್ರೆ ಯಾರನ್ನ ಕೇಳ್ತಾರೆ? ಓದೋದು ಅಂದ್ರೆ ಓದೋದು ಕಣ್ರೀ ಫಹಮಿದಾ."

ಫಹಮಿದಾ ಹೂಂ ಎಂದು ಹೊರಟುಬಿಡಬಹುದಿತ್ತು. ಕಿಟಕಿಯಾಚೆ ಕೆಸರಿನ ಮೈದಾನದಲ್ಲಿ ಹುಡುಗರು ಚೆಂಡಿನ ಹಿಂದೆ ಓಡುತ್ತಿದ್ದರು. ರುಯಿ ಎಲ್ಲಿಯೂ ಕಾಣಲಿಲ್ಲ.

"ಒಂದು ಕೇಳ್ತೀನಿ, ಸಿಟ್ಟಿಗೇಳಬ್ಯಾಡ್ರಿ. ಶುಕ್ರವಾರ ಮನ್ಯಾಗ ಸ್ತೋತ್ರ ಓದ್ತೀರಲ್ರಿ, ಸಾವಿರ ಹೆಸರು? ನವರಾತ್ರಿಗೆ ಬಂದಾಗ ಕೇಳಿದ್ದೆ. ಎಲ್ಲೂ ತಡೀಲಿಲ್ಲ ನೀವು."

"ಅದಕ್ಕೂ ಇದಕ್ಕೂ ಏನ್ ಸಂಬಂಧ?"

"ಅರ್ಥ ಎಲ್ಲಾ ಗೊತ್ತೈತ್ರಿ?"

ಚಂದ್ರಿಕಾ ಒಂದು ಕ್ಷಣ ಗಂಭೀರವಾಗಿ ನೋಡಿದರು. ಆಡಬಾರದ್ದು ಆಡಿದೆನೇನೋ ಎಂದು ಫಹಮಿದಾಳಿಗೆ ಅನ್ನಿಸಿತು.

"ಅರ್ಧಕ್ಕರ್ಧ ಗೊತ್ತಿಲ್ಲ," ಎಂದರು ಚಂದ್ರಿಕಾ ಕೊನೆಗೆ. "ನಮ್ಮಜ್ಜಿ ಹೇಳಿಕೊಟ್ಟಿದ್ದು. ಕೇಳಿದ್ರೆ, ಸುಮ್ನೆ ಓದೇ, ಅರ್ಥ ಅದರ ಪಾಡಿಗೆ ಬರತ್ತೆ ಅನ್ನೋರು. ಇನ್ನೂ ಬಂದಿಲ್ಲ."

"ನನ್ನ ಅರಬ್ಬಿ ಓದೂ ಹಂಗs ರಿ. ಒಂದು ಗೆರಿ ತಪ್ಪಂಗಿಲ್ಲ, ಒಂದು ಮಾತು ತಿಳಿಯಂಗಿಲ್ಲ. ಈ ಪರೀಕ್ಷೆಗೆ ಕುಂತ್ರ ನಮ್ಮಿಬ್ಬರಿಗೂ ಫುಲ್ ಮಾರ್ಕ್ಸ್ ಬರ್ತಾವ. ಆ ಹುಡುಗಿ ನಮಗ ಪೂರಾ ಉಲ್ಟಾ ಅದಾಳ್ರಿ, ಅಷ್ಟs."

ಚಂದ್ರಿಕಾರ ಭುಜ ಅಲುಗಿತು. ನಗು ಹೊರಗೆ ಬಾರದ ಹಾಗೆ ಚಹಾದ ಕಪ್ಪನ್ನು ಬಾಯಿಗೆ ಅಡ್ಡ ಹಿಡಿದರು. ತಡೆಯಲಾಗಲಿಲ್ಲ. ಪಕ್ಕದ ಮೇಜಿನ ವಿಜ್ಞಾನದ ಟೀಚರು ತಿರುಗಿ ನೋಡಿದರು.

"ದೇವ್ರೇ, ಸಹಸ್ರನಾಮಕ್ಕೆ ಕಾಂಪ್ರಹೆನ್ಷನ್ ಕೇಳ್ತೀರಲ್ಲ ನೀವು!" ಎಂದು ಕಣ್ಣೊರೆಸಿಕೊಂಡರು. ಆಮೇಲೆ ಡ್ರಾಯರಿನಿಂದ ಬೇರೊಂದು ಪುಟ ತೆಗೆದರು. "ಲಂಚ್‌ನಲ್ಲಿ ಕರ್ಕೊಂಬನ್ನಿ. ಈ ಕಥೆ ಅವಳು ನೋಡಿಲ್ಲ. ಮನಸ್ಸಿನಲ್ಲೇ ಓದ್ಲಿ, ಆಮೇಲೆ ಪ್ರಶ್ನೆ ಎಲ್ಲಾ ನಾನೇ ಕೇಳ್ತೀನಿ. ಅರ್ಧಕ್ಕಿಂತ ಹೆಚ್ಚು ಸರಿ ಇದ್ರೆ ಒಂದು ಟರ್ಮ್ ಮೇಲಿನ ಕ್ಲಾಸಲ್ಲಿ ಕೂರ್ಲಿ, ಡೀನ್ ಹತ್ರ ನಾನು ಮಾತಾಡ್ತೀನಿ. ಇಲ್ದಿದ್ರೆ ಇಲ್ಲ. ಅವಳಿಗೆ ಸುಳಿವು ಕೊಡೋ ಹಾಗಿಲ್ಲ, ಗೊತ್ತಾಯ್ತಾ?"

"ಬಾಯಿ ಬಿಡಂಗಿಲ್ರಿ."

ಊಟದ ಬಿಡುವಿನಲ್ಲಿ ರುಯಿ ಬಂದು ಇಬ್ಬರನ್ನೂ ನೋಡಿ ಬಾಗಿಲಲ್ಲೇ ನಿಂತಳು. ಕೂರು ಎಂದ ಮೇಲೆ ಕುರ್ಚಿಯ ತುದಿಯಲ್ಲಿ ಕೂತಳು. ಕೇಳುವ ಮೊದಲೇ ನಿಘಂಟನ್ನು ತೆಗೆದು ಮೇಜಿನ ಮೂಲೆಗಿಟ್ಟಳು. ಚಂದ್ರಿಕಾ ಪುಟವನ್ನು ಅವಳ ಮುಂದಿಟ್ಟು, ಗಟ್ಟಿಯಾಗಿ ಓದಬೇಕಿಲ್ಲ ಎಂದರು. ರುಯಿ ಅರ್ಥವಾಗದವಳಂತೆ ಫಹಮಿದಾಳ ಕಡೆ ನೋಡಿದಳು. ಫಹಮಿದಾ ತುಟಿಯ ಮೇಲೆ ಬೆರಳಿಟ್ಟು, ಆಮೇಲೆ ತನ್ನ ಕಣ್ಣನ್ನು ತೋರಿಸಿದಳು.

ಹೀಟರಿನ ಸದ್ದು ಬಿಟ್ಟರೆ ಕೋಣೆ ಶಾಂತವಾಗಿತ್ತು. ಚಂದ್ರಿಕಾ ಪ್ರಶ್ನೆಗಳ ಹಾಳೆ ಹಿಡಿದು, ಪೆನ್ನಿನ ಮುಚ್ಚಳ ತೆಗೆದು ಕಾಯುತ್ತಿದ್ದರು. ಪುಟದಲ್ಲಿದ್ದದ್ದು ಒಂದು ಕುಟುಂಬ ಸಮುದ್ರದ ದಡದಲ್ಲಿರುವ ತಮ್ಮ ರಜೆಮನೆಗೆ ಹೋಗುವ ಕಥೆ. ದಾರಿಯಲ್ಲಿ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸುತ್ತಾರೆ. ಅಪ್ಪ ಬಹಳ ಶಿಸ್ತಿನವನು. ಹೊರಡುವ ಮೊದಲು ಡೇರೆ, ಗಾಳದ ಕೋಲು, ಹಾಸಿಗೆ, ಡಬ್ಬಿಗಳನ್ನೆಲ್ಲ ಎರಡೆರಡು ಸಲ ಎಣಿಸುತ್ತಾನೆ. ಎಲ್ಲವೂ ಸರಿಯಾಗಿದೆ ಎಂದು ಕಾರು ಬಿಡುತ್ತಾನೆ. ಅಜ್ಜಿ ಇನ್ನೂ ಶೌಚಾಲಯದಲ್ಲಿದ್ದಾಳೆ. ಅಜ್ಜಿ ಸಾಮಾನಲ್ಲವಾದ್ದರಿಂದ ಅವಳನ್ನು ಯಾರೂ ಎಣಿಸಿರಲಿಲ್ಲ ಎಂದು ಕಥೆ ಹೇಳುತ್ತದೆ. ಫಹಮಿದಾ ಅದನ್ನು ಹಿಂದೆ ಎಷ್ಟೋ ಮಕ್ಕಳಿಂದ ಓದಿಸಿದ್ದಳು.

ರುಯಿಯ ಬೆರಳು ಪುಟವನ್ನು ಮುಟ್ಟಿರಲಿಲ್ಲ. ತುಟಿ ಅಲುಗಲಿಲ್ಲ. ಕಣ್ಣು ಮಾತ್ರ ಬಲಕ್ಕೆ ಸರಿದು, ಮರಳಿ, ಕೆಳಗಿಳಿಯುತ್ತಿತ್ತು. ಒಂದು ಕಡೆ ನಿಂತಿತು. ಎರಡು ಸಾಲು ಹಿಂದಕ್ಕೆ ಹೋಯಿತು. ಸಾಮಾನು ಎಂಬುದಕ್ಕಿರುವ ಇಂಗ್ಲಿಷ್ ಪದ ಅವಳಿಗೆ ಗೊತ್ತೋ ಇಲ್ಲವೋ. ಮೇಜಿನ ಮೂಲೆಯಲ್ಲಿದ್ದ ನಿಘಂಟನ್ನು ಮುಂದೆ ತಳ್ಳಬೇಕೆಂದು ಫಹಮಿದಾಳ ಕೈ ಮಿಡಿಯಿತು. ಅವಳು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಳು.

ಕಣ್ಣು ಮತ್ತೆ ಮುಂದಕ್ಕೆ ಬಂತು. ಆಗ ರುಯಿಯ ಮೂಗಿನಿಂದ ಪುಸ್ ಎಂಬ ಸಣ್ಣ ಸದ್ದು ಹೊರಟಿತು. ಅವಳು ಗಾಬರಿಯಾಗಿ ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. ಬೆರಳುಗಳ ಸಂದಿಯಿಂದ ನಗು ಸೋರಿತು.

"ಗ್ರಾಂಡ್‌ಮಾ," ಎಂದಳು, ಕ್ಷಮೆ ಕೇಳುವವಳಂತೆ. "ಸಾರಿ, ಮಿಸ್. ಸಾರಿ."

ಚಂದ್ರಿಕಾ ಮುಂದೆ ಬಾಗಿ, ಪುಟವನ್ನು ತಲೆಕೆಳಗಾಗಿಯೇ ನೋಡಿ, ಹುಡುಗಿ ಯಾವ ಸಾಲಿನಲ್ಲಿದ್ದಾಳೆಂದು ಹುಡುಕಿದರು. ಸಾಲು ಸಿಕ್ಕಿರಬೇಕು. ಅವರ ತುಟಿಯ ಅಂಚು ಮೆಲ್ಲನೆ ಮೇಲೆದ್ದಿತು.

"ಪ್ರಶ್ನೆ ಕೇಳಲೇಬೇಕು, ಕೇಳ್ತೀನಿ," ಎಂದರು ಫಹಮಿದಾಳಿಗೆ ಕನ್ನಡದಲ್ಲಿ. ಆದರೆ ಪೆನ್ನಿಗೆ ಮುಚ್ಚಳ ಹಾಕಿ ಕೆಳಗಿಟ್ಟರು. "ಅವಳು ಮುಗಿಸ್ಲಿ, ಪಾಪ. ಅಜ್ಜಿ ಇನ್ನೂ ಅಲ್ಲೇ ಇದಾರೆ."

ರುಯಿ ಅದಾವುದನ್ನೂ ಕೇಳಿಸಿಕೊಂಡಂತಿರಲಿಲ್ಲ. ಕುರ್ಚಿಯ ತುದಿಯಿಂದ ಹಿಂದೆ ಸರಿದು ಬೆನ್ನು ಒರಗಿಸಿ ಕೂತು, ಯಾರೂ ಹೇಳದೆಯೇ ಪುಟ ತಿರುವಿದಳು.